ರುಡಾಲ್ಫ್ ಡೀಸೆಲ್ಲನ ಜೀವನವೂ ನಮ್ಮ ಮನೆಯ ಕಾರೂ

ನಮ್ಮ ಮನೆಯಲ್ಲಿ ಒಬ್ಬ ಮನುಷ್ಯನ ಹೆಸರನ್ನು ಮೂರು ತಲೆಮಾರುಗಳಿಂದ ಹೇಳುತ್ತ ಬಂದಿದ್ದೇವೆ. ಅದು ಮನುಷ್ಯನ ಹೆಸರೆಂಬುದು ಮಾತ್ರ ಕಳೆದ ವರ್ಷದವರೆಗೆ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ನಾನು ಚಿಕ್ಕವಳಾಗಿದ್ದಾಗ ನಮ್ಮ ಅಜ್ಜ ಬೇಸಗೆಯಲ್ಲಿ ಹಳ್ಳದ ದಡಕ್ಕೆ ಆಯಿಲ್ ಎಂಜಿನನ್ನು ಇಳಿಸಿ, ಹ್ಯಾಂಡಲು ಹಾಕಿ ಬೆವರು ಸುರಿಯುವಂತೆ ತಿರುಗಿಸುತ್ತಿದ್ದರು. ಅದು ಒಮ್ಮೆ ಕೆಮ್ಮಿ, ಕಪ್ಪು ಹೊಗೆ ಬಿಟ್ಟು, ಡುಗು ಡುಗು ಎಂದು ನಡೆಯಲು ತೊಡಗಿದ ಮೇಲೆ ಗದ್ದೆಗೆ ನೀರು ಹರಿಯುತ್ತಿತ್ತು. ಅದಕ್ಕೆ ಬೇಕಾದ ಡೀಸೆಲ್ಲನ್ನು ಶಿರಾಳಕೊಪ್ಪದಿಂದ ಕ್ಯಾನಿನಲ್ಲಿ ತರುತ್ತಿದ್ದರು. ಸೀಮೆಎಣ್ಣೆ, ಹರಳೆಣ್ಣೆ ಇದ್ದಂತೆ ಡೀಸೆಲ್ಲೂ ಒಂದು ಎಣ್ಣೆಯ ಹೆಸರೆಂದೇ ನಾನು ತಿಳಿದಿದ್ದೆ.

ಈ ಅಜ್ಞಾನ ಕಳೆಯಲು ಕಾರಣವಾದುದು ಒಂದು ಕಾರಿನ ವಿಚಾರ. ನಮ್ಮ ತಂದೆಯವರು ಇಪ್ಪತ್ತು ವರ್ಷಗಳಿಂದ ಬೇರೆಯವರ ಗಾಡಿಗೆ ಚಾಲಕರಾಗಿ ದುಡಿದವರು. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಸುಮಾರು 40 ಕಿಲೋಮೀಟರು ರಸ್ತೆಯ ಪ್ರತಿಯೊಂದು ತಿರುವೂ ಅವರಿಗೆ ಅಂಗೈಯ ಗೆರೆಯಂತೆ ಪರಿಚಿತ. ಕಳೆದ ದೀಪಾವಳಿಯ ನಂತರ ಅವರು ಸಾಲ ಮಾಡಿಯಾದರೂ ಸ್ವಂತದ್ದೊಂದು ಬಾಡಿಗೆ ಕಾರು ಕೊಳ್ಳಬೇಕೆಂದು ನಿಶ್ಚಯಿಸಿದರು. ಎರಡು ಹಳೆಯ ಕಾರುಗಳನ್ನು ನೋಡಿ ಬಂದರು. ಒಂದು ಪೆಟ್ರೋಲಿನದು, ಇನ್ನೊಂದು ಡೀಸೆಲ್ಲಿನದು. ಡೀಸೆಲ್ ಕಾರಿಗೆ ಒಂದೂವರೆ ಲಕ್ಷ ರೂಪಾಯಿ ಹೆಚ್ಚು. ಯಾವುದನ್ನು ಕೊಳ್ಳುವುದೆಂಬ ಚರ್ಚೆ ಒಂದು ವಾರ ನಡೆಯಿತು. ಕೊನೆಗೆ ತಂದೆಯವರು ನನ್ನ ಕಡೆ ತಿರುಗಿ, ಮನೆಯಲ್ಲಿ ಕಾಲೇಜು ಕಂಡವಳು ನೀನೊಬ್ಬಳೇ, ಓದಿ ತಿಳಿದು ಹೇಳು ಎಂದುಬಿಟ್ಟರು.

ಓದುಗ ಮಿತ್ರರು ನನ್ನ ಸಂಕಟವನ್ನು ಊಹಿಸಬಹುದು. ನಾನು ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಓದುವವಳು. ಎಂಜಿನಿನ ಮುಚ್ಚಳ ತೆರೆದರೆ ಯಾವುದು ಏನೆಂದು ತಿಳಿಯದು. ಆದರೂ ನಮ್ಮ ಕುಲದಲ್ಲಿ ಮೊದಲ ಬಾರಿಗೆ ಪದವಿಯ ಹೊಸ್ತಿಲು ಮುಟ್ಟಿದವಳು ತನಗೆ ಗೊತ್ತಿಲ್ಲವೆಂದು ಹೇಳಿದರೆ ಆ ಪದವಿಗೆ ಏನು ಬೆಲೆ? ಇತಿಹಾಸದ ವಿದ್ಯಾರ್ಥಿನಿಯಾದ ಕಾರಣ ಇತಿಹಾಸದಿಂದಲೇ ಪ್ರಾರಂಭಿಸಿದೆ. ಹಾಗೆ ಹುಡುಕಿದಾಗ ನನಗೆ ದೊರೆತವನು ರುಡಾಲ್ಫ್ ಡೀಸೆಲ್. ಅವನ ಜೀವನವನ್ನು ನನಗೆ ತಿಳಿದಷ್ಟು ಇಲ್ಲಿ ನಿವೇದಿಸುತ್ತೇನೆ.

ರುಡಾಲ್ಫನು 1858ನೆಯ ಇಸವಿ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆತಾಯಿಗಳು ಜರ್ಮನಿಯ ಬವೇರಿಯ ಪ್ರಾಂತದವರು. ತಂದೆ ಥಿಯೊಡೋರ್ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬಿನವನು. ಪ್ಯಾರಿಸಿಗೆ ಬಂದು ನೆಲಸಿ ಚರ್ಮದ ಚೀಲ, ಪೆಟ್ಟಿಗೆಗಳನ್ನು ತಯಾರಿಸುತ್ತಿದ್ದನು. ಸಿದ್ಧವಾದ ಸಾಮಾನನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಿ ಗಿರಾಕಿಗಳಿಗೆ ತಲಪಿಸುವುದು ಬಾಲಕನಾದ ರುಡಾಲ್ಫನ ಕೆಲಸವಾಗಿತ್ತು. ಬಡತನವಿದ್ದರೂ ಹುಡುಗ ಓದಿನಲ್ಲಿ ಮುಂದಿದ್ದನು. ಹನ್ನೆರಡನೆಯ ವಯಸ್ಸಿನಲ್ಲಿಯೇ ಶಾಲೆಯ ವ್ಯಾಸಂಗಕ್ಕಾಗಿ ಕಂಚಿನ ಪದಕ ಪಡೆದನು.

ಅದೇ ವರ್ಷ, ಅಂದರೆ 1870ರಲ್ಲಿ, ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿತು. ನಿನ್ನೆಯವರೆಗೆ ನೆರೆಹೊರೆಯವರಾಗಿದ್ದ ಜರ್ಮನರು ಒಂದೇ ದಿನದಲ್ಲಿ ಶತ್ರುಗಳಾದರು. ಡೀಸೆಲ್ ಕುಟುಂಬ ಕಟ್ಟಿದ ಬಾಳನ್ನು ಬಿಟ್ಟು ಲಂಡನ್ನಿಗೆ ಹೋಗಬೇಕಾಯಿತು. ಅಲ್ಲಿ ಎಲ್ಲರ ಹೊಟ್ಟೆ ತುಂಬುವುದೇ ಕಷ್ಟವಾಯಿತು. ತಾಯಿತಂದೆಗಳು ಹನ್ನೆರಡು ವರ್ಷದ ಮಗನನ್ನು ಜರ್ಮನಿಯ ಔಗ್ಸ್‌ಬರ್ಗ್ ಪಟ್ಟಣದಲ್ಲಿದ್ದ ನೆಂಟರ ಮನೆಗೆ ಕಳುಹಿಸಿದರು. ಆ ಮನೆಯ ಯಜಮಾನನು ಗಣಿತದ ಉಪಾಧ್ಯಾಯ. ಯುದ್ಧ ತಂದ ಅಗಲಿಕೆಯಿಂದಲೇ ಹುಡುಗನಿಗೆ ಒಳ್ಳೆಯ ಗುರುವಿನ ಆಶ್ರಯ ದೊರಕಿತೆಂದು ಹೇಳಬೇಕು.

ಹದಿನಾಲ್ಕನೆಯ ವಯಸ್ಸಿಗೆ ರುಡಾಲ್ಫನು ತಾನು ಎಂಜಿನಿಯರನಾಗುವೆನೆಂದು ತಂದೆತಾಯಿಗಳಿಗೆ ಪತ್ರ ಬರೆದನು. ಔಗ್ಸ್‌ಬರ್ಗಿನ ಶಾಲೆಯಲ್ಲಿ ಮೊದಲಿಗನಾಗಿ ತೇರ್ಗಡೆಯಾದನು. 1875ರಲ್ಲಿ ಮ್ಯೂನಿಕ್ಕಿನ ಪಾಲಿಟೆಕ್ನಿಕ್ ವಿದ್ಯಾಲಯದವರು ಅವನಿಗೆ ವಿದ್ಯಾರ್ಥಿ ವೇತನ ಕೊಡಲು ಮುಂದೆ ಬಂದರು. ಮನೆಯವರಿಗೆ ಇದು ರುಚಿಸಲಿಲ್ಲ. ಮಗ ಇನ್ನು ದುಡಿದು ನಾಲ್ಕು ಕಾಸು ತರಲಿ ಎಂಬುದು ಅವರ ಆಸೆ. ರುಡಾಲ್ಫನು ಅವರ ಮಾತನ್ನು ಮೀರಿ ವಿದ್ಯಾರ್ಥಿ ವೇತನವನ್ನು ಸ್ವೀಕರಿಸಿದನು. ಈ ಭಾಗವನ್ನು ಓದುವಾಗ ನಾನು ಸ್ವಲ್ಪ ಹೊತ್ತು ಪುಸ್ತಕವನ್ನು ಮಡಿಚಿಟ್ಟೆ. ಪಿ.ಯು.ಸಿ. ಮುಗಿದ ವರ್ಷ ನಮ್ಮ ಮನೆಯಲ್ಲಿಯೂ ಇದೇ ಮಾತು ನಡೆದಿತ್ತು. ತಂದೆತಾಯಿಗಳು ಹಾಗೆ ಹೇಳುವುದು ವಿದ್ಯೆಯ ಮೇಲಿನ ದ್ವೇಷದಿಂದಲ್ಲ. ನಾಳೆಯ ಅಕ್ಕಿಯ ಚಿಂತೆಯಿಂದ. ನನ್ನ ವಿಷಯದಲ್ಲಿ ನನ್ನ ತಾಯಿ ಗಟ್ಟಿಯಾಗಿ ನಿಂತರು. ಆದುದರಿಂದ ನಾನು ಇಂದು ಈ ಲೇಖನ ಬರೆಯುತ್ತಿದ್ದೇನೆ.

ಮ್ಯೂನಿಕ್ಕಿನಲ್ಲಿ ಕಾರ್ಲ್ ಫಾನ್ ಲಿಂಡೆ ಎಂಬ ಪ್ರಾಧ್ಯಾಪಕರಿದ್ದರು. ಯಂತ್ರದಿಂದ ಶೈತ್ಯವನ್ನು ಉಂಟುಮಾಡುವ ವಿದ್ಯೆಯಲ್ಲಿ ಅವರು ಆ ಕಾಲದ ಅಗ್ರಗಣ್ಯರು. ಒಂದು ದಿನ ಅವರು ಪಾಠ ಮಾಡುತ್ತ, ಹಬೆಯ ಯಂತ್ರದಲ್ಲಿ ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆಂದೂ ಉಳಿದ ಒಂಬತ್ತು ಪಾಲು ವ್ಯರ್ಥವಾಗುತ್ತದೆಂದೂ ವಿವರಿಸಿದರು. ಬಡ ಮನೆಯ ಹುಡುಗನಿಗೆ ಈ ದುಂದು ಸಹಿಸಲಿಲ್ಲ. ಇದಕ್ಕಿಂತ ಉತ್ತಮವಾದ ಯಂತ್ರ ಸಾಧ್ಯವೇ ಎಂಬ ಪ್ರಶ್ನೆಯನ್ನು ಅವನು ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಗುರುತು ಹಾಕಿಕೊಂಡನು. ಮುಂದಿನ ಇಪ್ಪತ್ತು ವರ್ಷ ಅವನು ಬದುಕಿದ್ದು ಆ ಅಂಚಿನ ಬರಹಕ್ಕಾಗಿ. ತರಗತಿಯಲ್ಲಿ ಟಿಪ್ಪಣಿ ಬರೆದುಕೊಳ್ಳಲು ಬೇಸರಪಡುವ ನನ್ನಂಥವರು ಇದನ್ನು ನೆನಪಿಡುವುದು ಒಳ್ಳೆಯದು.

1879ರಲ್ಲಿ ವಿಷಮಶೀತ ಜ್ವರ ಬಂದು ಅವನ ಪರೀಕ್ಷೆ ತಪ್ಪಿತು. ಮರು ಪರೀಕ್ಷೆಗೆ ಕಾಯುವ ಅವಧಿಯನ್ನು ವ್ಯರ್ಥ ಮಾಡದೆ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಪಟ್ಟಣದ ಯಂತ್ರಶಾಲೆಯಲ್ಲಿ ಕೈಕೆಲಸ ಕಲಿತನು. 1880ರ ಜನವರಿಯಲ್ಲಿ ಪರೀಕ್ಷೆಗೆ ಕುಳಿತು ಅತ್ಯುನ್ನತ ಗೌರವದೊಡನೆ ತೇರ್ಗಡೆಯಾದನು. ಬಳಿಕ ಲಿಂಡೆಯವರ ಮಂಜುಗಡ್ಡೆ ಕಾರ್ಖಾನೆಯ ಕೆಲಸಕ್ಕೆ ತಾನು ಹುಟ್ಟಿದ ಪ್ಯಾರಿಸಿಗೇ ಹೋದನು. ಒಂದೇ ವರ್ಷದಲ್ಲಿ ಅಲ್ಲಿಯ ನಿರ್ದೇಶಕನಾದನು. 1883ರಲ್ಲಿ ಮಾರ್ತಾ ಫ್ಲಾಷೆ ಎಂಬಾಕೆಯನ್ನು ಮದುವೆಯಾದನು. ಮೂವರು ಮಕ್ಕಳಾದರು. ಹಗಲು ಹೊಟ್ಟೆಪಾಡಿಗೆ ಮಂಜುಗಡ್ಡೆಯ ಕೆಲಸ. ಉಳಿದ ವೇಳೆ ಬೆಂಕಿಯ ಯಂತ್ರದ ಚಿಂತನೆ. ಮೊದಲು ಅಮೋನಿಯದ ಆವಿಯಿಂದ ಎಂಜಿನು ನಡೆಸಲು ವರ್ಷಗಟ್ಟಲೆ ಪ್ರಯತ್ನಿಸಿ ವಿಫಲನಾದನು. 1890ರಲ್ಲಿ ಸಂಸಾರಸಮೇತ ಬರ್ಲಿನ್ನಿಗೆ ಹೋದ ಮೇಲೆ ಅವನ ಆಲೋಚನೆ ಸರಿಯಾದ ದಾರಿಗೆ ಬಂತು.

ಪೆಟ್ರೋಲು, ಡೀಸೆಲ್ಲುಗಳ ಭೇದ ಇಲ್ಲಿಯೇ ಇರುವುದರಿಂದ ಇದನ್ನು ಸ್ವಲ್ಪ ವಿವರಿಸಬೇಕು. ಜರ್ಮನಿಯ ನಿಕೊಲಾಸ್ ಓಟೊ ಎಂಬವನು 1876ರಲ್ಲಿಯೇ ನಾಲ್ಕು ಹೊಡೆತದ ಎಂಜಿನನ್ನು ರಚಿಸಿದ್ದನು. ಇಂದಿನ ಪೆಟ್ರೋಲ್ ಕಾರುಗಳ ಎಂಜಿನು ಇದರ ಸಂತತಿ. ಸಾಮಾನ್ಯವಾಗಿ ಇದರಲ್ಲಿ ಗಾಳಿಯನ್ನೂ ಇಂಧನವನ್ನೂ ಮೊದಲೇ ಬೆರೆಸಿ, ಒತ್ತಿ, ಪ್ಲಗ್ಗಿನ ಕಿಡಿಯಿಂದ ಹೊತ್ತಿಸುತ್ತಾರೆ. ಹೆಚ್ಚು ಒತ್ತಿದಷ್ಟೂ ಶಾಖದಿಂದ ಹೆಚ್ಚು ಕೆಲಸ ಸಿಗುತ್ತದೆ. ಆದರೆ ಇಂಧನ ಬೆರೆತ ಗಾಳಿಯನ್ನು ಮಿತಿಮೀರಿ ಒತ್ತಿದರೆ ಅದು ಕಿಡಿ ಬರುವ ಮೊದಲೇ ಹೊತ್ತಿ ಎಂಜಿನನ್ನು ಕೆಡಿಸುತ್ತದೆ.

ರುಡಾಲ್ಫನು ಈ ತೊಡಕನ್ನು ತಲೆಕೆಳಗು ಮಾಡಿ ನೋಡಿದನು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಹಾಗಾದರೆ ಬರಿಯ ಗಾಳಿಯನ್ನು ಬಹಳವಾಗಿ ಒತ್ತಿ, ಅದು ನಿಗಿನಿಗಿ ಕಾದಾಗ ಇಂಧನವನ್ನು ಒಳಗೆ ಚಿಮುಕಿಸಿದರೆ ಕಿಡಿಯಿಲ್ಲದೆಯೇ ಅದು ಹೊತ್ತಿಕೊಳ್ಳಬೇಕಲ್ಲವೇ? ಇದೇ ಡೀಸೆಲ್ ಎಂಜಿನಿನ ತತ್ತ್ವ. ಇಂದಿನ ಪೆಟ್ರೋಲ್ ಎಂಜಿನಿನಲ್ಲಿ ಗಾಳಿಯನ್ನು ಹತ್ತರಲ್ಲೊಂದು ಪಾಲಿನಷ್ಟಕ್ಕೆ ಒತ್ತಿದರೆ, ಡೀಸೆಲ್ ಎಂಜಿನಿನಲ್ಲಿ ಹದಿನಾರು ಹದಿನೆಂಟರಲ್ಲೊಂದು ಪಾಲಿಗೆ ಒತ್ತುತ್ತಾರೆ. ಅಷ್ಟು ಒತ್ತಡ ತಡೆಯಬೇಕಾದ ಕಾರಣ ಅದರ ಮೈ ದಪ್ಪ, ತೂಕ ಹೆಚ್ಚು, ಬೆಲೆ ಹೆಚ್ಚು, ಸದ್ದೂ ಹೆಚ್ಚು. ಆದರೆ ಕುಡಿಯುವುದು ಕಡಮೆ, ಎಳೆಯುವ ಬಲ ಜಾಸ್ತಿ.

1892ರ ಫೆಬ್ರವರಿಯಲ್ಲಿ ಅವನು ಹಕ್ಕುಪತ್ರಕ್ಕೆ ಅರ್ಜಿ ಹಾಕಿದನು. ಮರುವರ್ಷ ಅದು ದೊರಕಿತು. ಕಾಗದದ ಮೇಲಿನ ಯಂತ್ರ ಕಬ್ಬಿಣದಲ್ಲಿ ನಡೆಯಬೇಕಷ್ಟೆ? ಔಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯ ನಿರ್ದೇಶಕ ಹೈನ್ರಿಕ್ ಬುಟ್ಸ್ ಎಂಬವನು ಅವನನ್ನು ನಂಬಿ ಸ್ಥಳ ಕೊಟ್ಟನು. ಕ್ರುಪ್ ಎಂಬ ಉಕ್ಕಿನ ಸಂಸ್ಥೆಯೂ ಹಣ ಹೂಡಿತು. 1893ರ ಆಗಸ್ಟ್ 10ರಂದು ಮೊದಲ ಪ್ರಯೋಗ ನಡೆಯಿತು. ಆ ದಿನ ಅವನು ಸಿಲಿಂಡರಿನೊಳಕ್ಕೆ ಚಿಮುಕಿಸಿದ್ದು ಪೆಟ್ರೋಲನ್ನೇ ಎಂಬುದು ಒಂದು ವಿನೋದ! ಇಂಧನ ಹೊತ್ತಿತು, ಆದರೆ ಒತ್ತಡ ಅಳೆಯುವ ಉಪಕರಣ ಸಿಡಿದು ಚೂರಾಯಿತು. ಹತ್ತಿರ ನಿಂತಿದ್ದವರು ಅದೃಷ್ಟವಶಾತ್ ಉಳಿದುಕೊಂಡರು. ಕಂಡವರು ಸೋಲೆಂದರು. ರುಡಾಲ್ಫನಿಗೆ ಮಾತ್ರ ಕಿಡಿಯಿಲ್ಲದೆ ಇಂಧನ ಹೊತ್ತಿತೆಂಬುದೇ ಗೆಲುವು. 1894ರ ಫೆಬ್ರವರಿಯಲ್ಲಿ ಎಂಜಿನು ತಾನೇತಾನಾಗಿ ಸುಮಾರು ಒಂದು ನಿಮಿಷ ಓಡಿತು. ಒಂದು ನಿಮಿಷದಿಂದ ಗಂಟೆಗಳವರೆಗೆ ಓಡಿಸಲು ಇನ್ನೂ ಮೂರು ವರ್ಷ ಬೇಕಾಯಿತು.

1897ರ ಫೆಬ್ರವರಿ 17ರಂದು ಮ್ಯೂನಿಕ್ಕಿನ ಪ್ರಾಧ್ಯಾಪಕ ಮೊರಿಟ್ಸ್ ಶ್ರೋಟರ್ ಎಂಬವರು ಬಂದು ಎಂಜಿನನ್ನು ವಿಧಿವತ್ತಾಗಿ ಪರೀಕ್ಷಿಸಿದರು. ಇಂಧನದ ಶಾಖದಲ್ಲಿ ನೂರಕ್ಕೆ 26.2 ಪಾಲು ಕೆಲಸವಾಗಿ ಪರಿಣಮಿಸಿತು. ಹಬೆಯಂತ್ರಕ್ಕಿಂತ ಎರಡು ಪಟ್ಟಿಗೂ ಹೆಚ್ಚು! ವಿದ್ಯಾರ್ಥಿಯಾಗಿದ್ದಾಗ ಪುಸ್ತಕದ ಅಂಚಿನಲ್ಲಿ ಬರೆದುಕೊಂಡ ಪ್ರಶ್ನೆಗೆ ಮೂವತ್ತೊಂಬತ್ತು ತುಂಬುವ ಹೊತ್ತಿಗೆ ಅವನು ಉತ್ತರ ಬರೆದಿದ್ದನು.

ಬಳಿಕ ಹಣ ಹೊಳೆಯಾಗಿ ಬಂತು. ಅಮೆರಿಕದ ಮದ್ಯ ವ್ಯಾಪಾರಿ ಅಡಾಲ್ಫಸ್ ಬುಷ್ ಎಂಬವನೊಬ್ಬನೇ ಆ ದೇಶದ ಹಕ್ಕಿಗಾಗಿ ಹತ್ತು ಲಕ್ಷ ಮಾರ್ಕುಗಳನ್ನು ತೆತ್ತನು. ಕೈಗಾಡಿ ತಳ್ಳಿದ್ದ ಹುಡುಗ ಮ್ಯೂನಿಕ್ಕಿನಲ್ಲಿ ಅರಮನೆಯಂಥ ಮನೆ ಕಟ್ಟಿಸಿದನು.

ಆದರೆ ರುಡಾಲ್ಫನು ಬರಿಯ ಹಣಕ್ಕೆ ಆಸೆಪಟ್ಟವನಲ್ಲ. ಅವನ ಮನಸ್ಸಿನಲ್ಲಿ ಇನ್ನೊಂದು ಕನಸಿತ್ತು. ದೊಡ್ಡ ದೊಡ್ಡ ಹಬೆಯಂತ್ರಗಳನ್ನು ಕೊಳ್ಳಬಲ್ಲವರು ದೊಡ್ಡ ಬಂಡವಾಳಗಾರರು ಮಾತ್ರ. ಅವರ ಮುಂದೆ ಮನೆಯಲ್ಲಿ ಕುಳಿತು ದುಡಿಯುವ ಕುಶಲಕರ್ಮಿ ನಿಲ್ಲಲಾರದೆ ಕೂಲಿಯಾಗುತ್ತಿದ್ದನು. ಚಿಕ್ಕದಾದ, ಕಡಮೆ ಖರ್ಚಿನ ಎಂಜಿನೊಂದು ಇದ್ದರೆ ಬಡ ಕಸುಬುದಾರನೂ ತಲೆಯೆತ್ತಿ ಬದುಕಿಯಾನೆಂದು ಅವನು ನಂಬಿದ್ದನು. ಚರ್ಮದ ಕೆಲಸದ ತಂದೆಯನ್ನು ಕಂಡ ಮಗನಿಗೆ ಈ ಕನಸು ಸಹಜವಷ್ಟೆ. 1903ರಲ್ಲಿ ಕಾರ್ಮಿಕರೇ ಒಟ್ಟುಗೂಡಿ ಕಾರ್ಖಾನೆಗಳ ಒಡೆಯರಾಗುವ ಬಗೆಯನ್ನು ಕುರಿತು ಒಂದು ಗ್ರಂಥವನ್ನೂ ಬರೆದನು. ಅದನ್ನು ಕೊಂಡು ಓದಿದವರು ಬಹಳ ಕಡಮೆ. ಅವನ ಎಂಜಿನು ಯುರೋಪಿನಲ್ಲಿ ಹೋಗಿ ಸೇರಿದ್ದು ದೊಡ್ಡ ಕಾರ್ಖಾನೆಗಳನ್ನೂ ಹಡಗುಗಳನ್ನೂ ಯುದ್ಧದ ಜಲಾಂತರ್ಗಾಮಿಗಳನ್ನೂ.

ನನಗೆ ಅನ್ನಿಸುವುದೇನೆಂದರೆ, ಆ ಕನಸು ಅವನ ದೇಶಕ್ಕಿಂತ ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ನನಸಾಯಿತು. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನಿನ ಕಾರ್ಖಾನೆ ಸ್ಥಾಪಿಸಿದರು. ಅಂಥ ಎಂಜಿನುಗಳು ವಿದ್ಯುತ್ತು ಬಾರದ ಊರುಗಳಲ್ಲಿ ನೀರೆತ್ತಿದವು, ಹಿಟ್ಟಿನ ಗಿರಣಿ ನಡೆಸಿದವು. ಎರಡೆಕರೆ ಗದ್ದೆಯ ನಮ್ಮ ಅಜ್ಜ ಹಳ್ಳದ ದಡದಲ್ಲಿ ತಿರುಗಿಸುತ್ತಿದ್ದುದು ಆ ಕನಸಿನ ಹ್ಯಾಂಡಲನ್ನೇ!

ಇನ್ನೊಂದು ಸಂಗತಿಯೂ ನಮಗೆ ಹತ್ತಿರವಾದುದು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಚಿಕ್ಕ ಡೀಸೆಲ್ ಎಂಜಿನನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಿದರು. ಎಣ್ಣೆಬೀಜ ಬೆಳೆಯುವ ನಾಡುಗಳು ತಮ್ಮ ಇಂಧನವನ್ನು ತಾವೇ ಬೆಳೆದುಕೊಳ್ಳಬಹುದೆಂಬ ಆಸೆ ಅದರ ಹಿಂದೆ ಇತ್ತು. ರುಡಾಲ್ಫನೂ ತನ್ನ ಕೊನೆಯ ವರ್ಷಗಳಲ್ಲಿ ಇದನ್ನು ಸಮರ್ಥಿಸಿ ಮಾತನಾಡಿದನು. ಸುಮಾರು ನೂರು ವರ್ಷಗಳ ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು ನಮ್ಮ ರಾಜ್ಯದ ಹಳ್ಳಿಗಳಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನನ್ನು ನಡೆಸಿ ತೋರಿಸಿದರು. ಗದ್ದೆಯ ಬದುವಿನ ಹೊಂಗೆಮರಕ್ಕೂ ಪ್ಯಾರಿಸಿನ ಪ್ರದರ್ಶನಕ್ಕೂ ಹೀಗೊಂದು ನಂಟು! ಇದನ್ನು ಓದಿ ಯಾರೂ ಇಂದಿನ ಹೊಸ ಕಾರಿಗೆ ಹೊಂಗೆ ಎಣ್ಣೆ ಸುರಿಯಬಾರದು. ಅದರ ಸೂಕ್ಷ್ಮವಾದ ಪಂಪು, ಇಂಜೆಕ್ಟರುಗಳು ಕೆಟ್ಟುಹೋಗುತ್ತವೆ.

ಇನ್ನು ದುಃಖದ ಭಾಗ. ಹಕ್ಕುಪತ್ರದ ಮೊಕದ್ದಮೆಗಳು, ಪ್ರತಿಸ್ಪರ್ಧಿಗಳ ನಿಂದೆ, ಎಡೆಬಿಡದ ದುಡಿಮೆ ಇವುಗಳಿಂದ ರುಡಾಲ್ಫನ ಆರೋಗ್ಯ ಕೆಟ್ಟಿತು. 1898ರಲ್ಲಿಯೇ ಮನಸ್ಸು ಬಳಲಿ ಆರೋಗ್ಯಧಾಮ ಸೇರಬೇಕಾಯಿತು. ಬಂದ ಹಣವನ್ನು ಅವನು ಜಮೀನು ಮೊದಲಾದ ವ್ಯವಹಾರಗಳಲ್ಲಿ ತೊಡಗಿಸಿ ಕಳೆದುಕೊಂಡನು. ಒಂದು ತೊಟ್ಟು ಎಣ್ಣೆಯಲ್ಲಿ ಎಷ್ಟು ಶಾಖ, ಅದರಲ್ಲಿ ಎಷ್ಟು ಪೋಲು ಎಂದು ದಶಮಾಂಶದವರೆಗೆ ಬಲ್ಲವನು ಮನೆಯ ಜಮಾಖರ್ಚಿನ ಪೋಲನ್ನು ತಡೆಯಲಾರದೆ ಹೋದನು. ಅದಕ್ಕಿಂತ ಹೆಚ್ಚಾಗಿ, ಆ ಲೆಕ್ಕವನ್ನು ಮನೆಯವರಿಂದ ಮುಚ್ಚಿಟ್ಟನು. ದೊಡ್ಡ ಮನೆ, ಆಳುಕಾಳು, ಅತಿಥಿಗಳು ಎಲ್ಲವೂ ಮೊದಲಿನಂತೆಯೇ ನಡೆದವು. ಒಳಗೆ ಸಾಲ ಬೆಳೆಯುತ್ತಿತ್ತು.

1913ರ ಸೆಪ್ಟೆಂಬರಿನಲ್ಲಿ ಅವನು ಇಂಗ್ಲೆಂಡಿಗೆ ಹೊರಟನು. ಹೊರಡುವ ಮೊದಲು ಹೆಂಡತಿಯ ಕೈಗೆ ಒಂದು ಚೀಲ ಕೊಟ್ಟು, ಮುಂದಿನ ವಾರದವರೆಗೆ ಅದನ್ನು ತೆರೆಯಬೇಡವೆಂದು ಹೇಳಿದ್ದನು. 29ರ ಸಂಜೆ ಆಂಟ್‌ವರ್ಪಿನಲ್ಲಿ ಡ್ರೆಸ್‌ಡೆನ್ ಎಂಬ ಹಡಗು ಹತ್ತಿ, ಸಂಗಡಿಗರಿಬ್ಬರೊಡನೆ ಊಟ ಮಾಡಿ, ಬೆಳಗ್ಗೆ 6.15ಕ್ಕೆ ಎಬ್ಬಿಸಬೇಕೆಂದು ತಿಳಿಸಿ ತನ್ನ ಕೋಣೆಗೆ ಹೋದನು. ಬೆಳಗ್ಗೆ ನೋಡಿದರೆ ಹಾಸಿಗೆ ಮಲಗಿದ ಗುರುತಿಲ್ಲದೆ ಹಾಸಿದಂತೆಯೇ ಇತ್ತು. ಅವನ ಟೋಪಿಯೂ ಮೇಲಂಗಿಯೂ ಹಡಗಿನ ಹಿಂಭಾಗದ ಕಟಕಟೆಯ ಬಳಿ ಮಡಿಚಿಟ್ಟಂತೆ ದೊರೆತವು. ದಿನಚರಿಯಲ್ಲಿ ಆ ತಾರೀಖಿನ ಎದುರಿಗೆ ಒಂದು ಶಿಲುಬೆಯ ಗುರುತಿತ್ತು. ಸುಮಾರು ಹತ್ತು ದಿನಗಳ ಮೇಲೆ ಸಮುದ್ರದಲ್ಲಿ ಒಂದು ಶವ ಕಂಡಿತು. ಅದರ ಜೇಬಿನಲ್ಲಿದ್ದ ಸಣ್ಣಪುಟ್ಟ ವಸ್ತುಗಳನ್ನು ಮಗ ಓಯ್ಗನ್ ತಂದೆಯವೆಂದು ಗುರುತಿಸಿದನು. ಮಾರ್ತಾ ಚೀಲ ತೆರೆದಾಗ ಅದರಲ್ಲಿ ನಗದು ಹಣವೂ, ಬ್ಯಾಂಕುಗಳಲ್ಲಿ ಏನೂ ಉಳಿದಿಲ್ಲವೆಂದು ತೋರಿಸುವ ಕಾಗದಗಳೂ ಇದ್ದವು. ಅವನನ್ನು ಯಾರೋ ಕೊಂದರೆಂದು ವಾದಿಸುವವರು ಇಂದಿಗೂ ಇದ್ದಾರೆ. ಸಾಲದ ಭಾರವೇ ಅವನನ್ನು ಮುಳುಗಿಸಿತೆಂದು ನಂಬುವವರು ಹೆಚ್ಚು. ಆಗ ಅವನಿಗೆ ಐವತ್ತೈದು ವರ್ಷ. ನಮ್ಮ ದೊಡ್ಡಪ್ಪನವರ ಈಗಿನ ವಯಸ್ಸು.

ಡೀಸೆಲ್ ಕಾರನ್ನು ಅವನು ಕಣ್ಣಾರೆ ಕಾಣಲಿಲ್ಲ. ಅವನ ಎಂಜಿನಿಗೆ ಇಂಧನ ಊದಲು ಗಾಳಿಯ ದೊಡ್ಡ ಪಂಪು ಬೇಕಾಗಿತ್ತು. ಅಷ್ಟು ಭಾರ ಕಾರಿನಲ್ಲಿ ಹಿಡಿಸದು. 1920ರ ದಶಕದಲ್ಲಿ ಲಾರಿಗಳಿಗೆ ಹೊಂದುವ ಎಂಜಿನುಗಳು ಬಂದವು. 1927ರಲ್ಲಿ ರಾಬರ್ಟ್ ಬಾಷ್‌ನ ಕಾರ್ಖಾನೆಯಿಂದ ಚಿಕ್ಕದಾದ ಇಂಧನ ಪಂಪು ಹೊರಬಂದ ಮೇಲೆ ದಾರಿ ಸುಗಮವಾಯಿತು. 1936ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ಮರ್ಸಿಡಿಸ್ ಬೆಂಜ್ ಸಂಸ್ಥೆಯವರು ಡೀಸೆಲ್ ಕಾರನ್ನು ಪ್ರದರ್ಶಿಸಿದರು. ನಮ್ಮ ದೇಶದಲ್ಲಿ ಸರ್ಕಾರ ಬಹುಕಾಲ ಡೀಸೆಲ್ಲಿನ ಬೆಲೆಯನ್ನು ತಗ್ಗಿಸಿ ಇಟ್ಟಿದ್ದರಿಂದ ಜನ ಡೀಸೆಲ್ ಕಾರುಗಳಿಗೆ ಮುಗಿಬಿದ್ದರು. 2014ರ ಅಕ್ಟೋಬರಿನಲ್ಲಿ ಆ ನಿಯಂತ್ರಣ ಹೋಯಿತು. ಅದಕ್ಕೆ ಮೊದಲೇ, 2012ರಲ್ಲಿ, ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸಾರಿದ್ದರು. 2020ರ ಏಪ್ರಿಲಿನಿಂದ ಹೊಗೆಯ ಹೊಸ ನಿಯಮಗಳು ಬಂದು, ಹೊಸ ಡೀಸೆಲ್ ಕಾರುಗಳಿಗೆ ಮಸಿ ಹಿಡಿಯುವ ಜಾಲರಿ ಮೊದಲಾದ ಸಾಧನಗಳು ಅನಿವಾರ್ಯವಾದವು. ಬೆಲೆ ಮತ್ತಷ್ಟು ಏರಿತು. ಮಾರುತಿ ಸಂಸ್ಥೆಯವರು ಡೀಸೆಲ್ ಕಾರು ತಯಾರಿಸುವುದನ್ನೇ ಆಗ ನಿಲ್ಲಿಸಿದರು. ಆ ಜಾಲರಿಯ ಸ್ವಭಾವವೂ ತಿಳಿದಿರಬೇಕು. ದೂರದ ರಸ್ತೆಯಲ್ಲಿ ಚೆನ್ನಾಗಿ ಕಾದರೆ ಅದರ ಮಸಿ ಸುಟ್ಟುಹೋಗುತ್ತದೆ. ದಿನವೂ ಎರಡು ಮೂರು ಕಿಲೋಮೀಟರು ಮಾತ್ರ ಓಡಿಸಿದರೆ ಕಟ್ಟಿಕೊಳ್ಳುತ್ತದೆ.

ಇಷ್ಟನ್ನು ತಿಳಿದ ಮೇಲೆ ನಾನು ಕಾಗದ, ಪೆನ್ನು ಹಿಡಿದು ಜಗಲಿಯಲ್ಲಿ ಕುಳಿತೆ. ತಂದೆಯವರು, ತಾಯಿ, ಸೊರಬದಿಂದ ಬಂದಿದ್ದ ಸೋದರಮಾವ ಎಲ್ಲರೂ ಸುತ್ತ ಸೇರಿದರು. ಆ ದಿನ ಪೆಟ್ರೋಲಿಗೆ ಸುಮಾರು 103 ರೂಪಾಯಿ, ಡೀಸೆಲ್ಲಿಗೆ ಸುಮಾರು 91 ರೂಪಾಯಿ. ಪೆಟ್ರೋಲ್ ಕಾರು ಲೀಟರಿಗೆ 16 ಕಿಲೋಮೀಟರು, ಡೀಸೆಲ್ ಕಾರು 20 ಕಿಲೋಮೀಟರು ಓಡುವುದೆಂದು ತಂದೆಯವರು ತಮ್ಮ ಅನುಭವದಿಂದ ಹೇಳಿದರು. ಪೆಟ್ರೋಲಿಗೆ ಈಗ ಎಥನಾಲ್ ಬೆರೆಸುವುದರಿಂದ ಓಟ ಸ್ವಲ್ಪ ತಗ್ಗುವುದನ್ನೂ ಅವರು ಗಣನೆಗೆ ತೆಗೆದುಕೊಂಡಿದ್ದರು. ಅಂದರೆ ಕಿಲೋಮೀಟರಿಗೆ ಪೆಟ್ರೋಲಿನಲ್ಲಿ 6 ರೂಪಾಯಿ 44 ಪೈಸೆ, ಡೀಸೆಲ್ಲಿನಲ್ಲಿ 4 ರೂಪಾಯಿ 55 ಪೈಸೆ. ಉಳಿತಾಯ 1 ರೂಪಾಯಿ 89 ಪೈಸೆ. ದಿನಕ್ಕೆ 100 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಓಡಿದರೆ 30,000 ಕಿಲೋಮೀಟರು. ಐದು ವರ್ಷದಲ್ಲಿ ಉಳಿಯುವುದು 2,83,500 ರೂಪಾಯಿ. ಹೆಚ್ಚಿನ ಒಂದೂವರೆ ಲಕ್ಷವನ್ನು ನೂರಕ್ಕೆ ಹತ್ತರ ಬಡ್ಡಿಯಲ್ಲಿ ಐದು ವರ್ಷ ಕಂತು ಕಟ್ಟಿ ತೀರಿಸಿದರೆ ಒಟ್ಟು ಸುಮಾರು 1,91,000. ಡೀಸೆಲ್ಲೇ ಲಾಭವೆಂದು ನಾನು ತೀರ್ಪು ಕೊಟ್ಟೆ. ರುಡಾಲ್ಫನ ಮೇಲೆ ನನಗೆ ಹುಟ್ಟಿದ್ದ ಅಭಿಮಾನವೂ ಆ ತೀರ್ಪಿನಲ್ಲಿ ಸೇರಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಅಷ್ಟರಲ್ಲಿ ನನ್ನ ತಾಯಿ ಎದ್ದು ಒಳಗೆ ಹೋಗಿ ಗೋಡೆಯ ಕ್ಯಾಲೆಂಡರನ್ನು ತಂದರು. ಅವರು ಓದಿದ್ದು ನಾಲ್ಕನೆಯ ತರಗತಿ. ತಂದೆಯವರ ಬಾಟಾ ಹಣ ಸರಿಯಾಗಿ ಬಂತೇ ಎಂದು ನೋಡಲು, ಅವರು ಗಾಡಿ ಹತ್ತಿದ ದಿನಕ್ಕೆಲ್ಲ ಒಂದು ಗೆರೆ ಎಳೆದಿಟ್ಟಿದ್ದರು. ಮದುವೆಯ ತಿಂಗಳುಗಳಲ್ಲಿ, ಚಂದ್ರಗುತ್ತಿಯ ಜಾತ್ರೆಯ ಹೊತ್ತಿನಲ್ಲಿ ಗೆರೆಗಳು ಒತ್ತಾಗಿದ್ದವು. ಆಷಾಢ, ಶ್ರಾವಣದ ಮಳೆಯಲ್ಲಿ ಪುಟಗಳೇ ಖಾಲಿ. ಎಲ್ಲವನ್ನೂ ಎಣಿಸಿದಾಗ ವರ್ಷಕ್ಕೆ 180 ದಿನ! 18,000 ಕಿಲೋಮೀಟರು. ಐದು ವರ್ಷದ ಉಳಿತಾಯ 1,70,100 ರೂಪಾಯಿ. ಸಾಲ ತೀರಿಸಬೇಕಾದುದು 1,91,000. ಹಳೆಯ ಡೀಸೆಲ್ ಎಂಜಿನಿನ ದುರಸ್ತಿ ಬೇರೆ. ಪುಸ್ತಕದ ಲೆಕ್ಕವನ್ನು ಕ್ಯಾಲೆಂಡರು ಮಗುಚಿ ಹಾಕಿತು.

ತಂದೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಮೆಲ್ಲಗೆ, ತಾವು ಈಗಾಗಲೇ ಒಬ್ಬರಲ್ಲಿ ನಲವತ್ತು ಸಾವಿರ ಕೈಸಾಲ ಮಾಡಿರುವುದಾಗಿಯೂ, ನನ್ನ ಓದಿನ ಖರ್ಚಿಗೆಂದು ತೆಗೆದದ್ದಾದ್ದರಿಂದ ನನ್ನೆದುರು ಹೇಳಲು ಮನಸ್ಸು ಬಾರಲಿಲ್ಲವೆಂದೂ ತಿಳಿಸಿದರು. ನನಗೆ ಆ ಗಳಿಗೆಯಲ್ಲಿ ಹಡಗಿನ ಕಟಕಟೆಯ ಬಳಿ ಮಡಿಚಿಟ್ಟ ಮೇಲಂಗಿ ನೆನಪಾಗಿ ಎದೆ ಝಲ್ಲೆಂದಿತು. ತಾಯಿ ಮಾತ್ರ ಏನೂ ಆಗದವರಂತೆ ಆ ನಲವತ್ತು ಸಾವಿರವನ್ನೂ ಬರೆದುಕೋ ಎಂದು ನನಗೆ ಹೇಳಿದರು. ನಾನು ಬರೆದುಕೊಂಡೆ. ಸಾಲ ಬರೆದದ್ದರಿಂದ ಅದು ಕಡಮೆಯಾಗಲಿಲ್ಲ, ಆದರೆ ಅಂದು ರಾತ್ರಿ ತಂದೆಯವರು ಬೇಗನೆ ನಿದ್ದೆಹೋದರು.

ನಾವು ಪೆಟ್ರೋಲ್ ಕಾರನ್ನೇ ಕೊಂಡೆವು. ನಮ್ಮಂತೆಯೇ ಎಲ್ಲರೂ ಮಾಡಬೇಕೆಂದು ನಾನು ಹೇಳುವುದಿಲ್ಲ. ದಿನವೂ ಶಿವಮೊಗ್ಗಕ್ಕೆ ಹೋಗಿ ಬರುವವರಿಗೆ, ಭಾರ ಹೊರುವವರಿಗೆ ಡೀಸೆಲ್ಲೇ ಸರಿಯಾದೀತು. ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರು ಓಡಾಡುವ ನಮ್ಮ ಸೋದರಮಾವನಂಥವರಿಗೆ ಆ ಪ್ರಶ್ನೆಯೇ ಏಳದು. ಎಂಜಿನುಗಳಲ್ಲಿ ಮೇಲುಕೀಳು ಹುಡುಕುವ ಮೊದಲು ನಾವು ನಿಜವಾಗಿ ಎಷ್ಟು ದೂರ ಓಡುತ್ತೇವೆ, ಎಷ್ಟು ಸಾಲ ಹೊತ್ತಿದ್ದೇವೆ ಎಂಬುದನ್ನು ಮನೆಯವರೆಲ್ಲರ ಮುಂದೆ ಬಿಚ್ಚಿಡಬೇಕು. ಅರ್ಥಶಾಸ್ತ್ರದ ಮೂರು ವರ್ಷದ ಪಾಠದಲ್ಲಿ ನನಗೆ ಹೊಳೆಯದ ಈ ವಿಷಯವನ್ನು ರುಡಾಲ್ಫನ ಜೀವನವೂ ನನ್ನ ತಾಯಿಯ ಕ್ಯಾಲೆಂಡರೂ ಕೂಡಿ ಕಲಿಸಿದವು.

ಅಜ್ಜನ ಆಯಿಲ್ ಎಂಜಿನು ಈಗಲೂ ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹೊದ್ದು ಕುಳಿತಿದೆ. ಮೊನ್ನೆ ಅದರ ಧೂಳು ಒರಸುತ್ತ, ಪ್ಯಾರಿಸಿನ ಬೀದಿಯಲ್ಲಿ ಕೈಗಾಡಿ ತಳ್ಳುತ್ತಿದ್ದ ಹುಡುಗನೊಬ್ಬನ ಕಥೆಯನ್ನು ಅಜ್ಜನಿಗೆ ಹೇಳಿದೆ. ಅವರು ಪೂರ್ತಿ ಕೇಳಿ, ಅಷ್ಟು ಬುದ್ಧಿವಂತನಾದ ಮನುಷ್ಯ ಹೆಂಡತಿಗೆ ಒಂದು ಮಾತು ಹೇಳಬಾರದಿತ್ತೇ ಎಂದು ಮರುಗಿದರು.